ತಾನೇ ಕಟ್ಟಿದ ವಿಮಾನ, ತಾನೇ ಮಾಡಿದ ತಪಾಸಣೆ

1903ರಲ್ಲಿ ರೈಟ್ ಸಹೋದರರು ತಾವೇ ಕಟ್ಟಿದ ವಿಮಾನವನ್ನು ಹಾರಿಸಿದ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ಅವರಿಗೆ ಯಾರ ಪರವಾನಗಿಯೂ ಬೇಕಿರಲಿಲ್ಲ. ಆ ಕಥೆಯ ಮುಂದಿನ ಭಾಗ ಪಠ್ಯದಲ್ಲಿರಲಿಲ್ಲ.

1926ರ ಕಾಯ್ದೆಯಿಂದ ಅಮೆರಿಕದಲ್ಲಿ ವಿಮಾನಗಳ ನೋಂದಣಿ, ತಪಾಸಣೆಗಳು ಆರಂಭವಾದವು. ಕ್ರಮೇಣ ಮನೆಯಲ್ಲಿ ವಿಮಾನ ಕಟ್ಟುವವರಿಗೆ ಆ ಚೌಕಟ್ಟಿನಲ್ಲಿ ಸ್ಥಳವೇ ಇಲ್ಲದಂತಾಯಿತು. 1947ರಲ್ಲಿ ಒರೆಗಾನ್‌ನ ಜಾರ್ಜ್ ಬೊಗಾರ್ಡಸ್ ಅವರು ‘ಲಿಟಲ್ ಜೀ ಬೀ’ ಎಂಬ ಅಂತಹ ಪುಟ್ಟ ವಿಮಾನದಲ್ಲಿ ದೇಶದ ಪಶ್ಚಿಮದ ಅಂಚಿನಿಂದ ರಾಜಧಾನಿ ವಾಷಿಂಗ್ಟನ್ನಿಗೆ ಹಾರಿ, ಅಧಿಕಾರಿಗಳಲ್ಲಿ ಅಹವಾಲು ಸಲ್ಲಿಸಿದರು. ಅವರ ವಾದಕ್ಕೆ ಆ ವಿಮಾನವೇ ಸಾಕ್ಷಿಯಾಗಿತ್ತು. 1952ರಲ್ಲಿ ಹವ್ಯಾಸಿಗಳು ನಿರ್ಮಿಸಿದ ವಿಮಾನಗಳಿಗೆ ಪ್ರತ್ಯೇಕ ವರ್ಗವೇ ದೊರೆಯಿತು.

ವಿಮಾನದ ಹೆಚ್ಚಿನ ಭಾಗವನ್ನು ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಹವ್ಯಾಸಿಗಳೇ ಕಟ್ಟಿರಬೇಕು. ‘ಪ್ರಾಯೋಗಿಕ’ ಎಂಬ ಪದ ಅದರ ಮೇಲೆ ಕಾಣಬೇಕು. ಹನ್ನೆರಡು ತಿಂಗಳಿಗೊಮ್ಮೆ ತಪಾಸಣೆಯಾಗಬೇಕು. ಮುಂದೆ, ಕಟ್ಟಿದವನೇ ಪ್ರಮಾಣಪತ್ರ ಪಡೆದು ಆ ತಪಾಸಣೆ ಮಾಡಲು ಅನುಮತಿ ದೊರೆಯಿತು. ವಿಮಾನವನ್ನು ಮಾರಿದಾಗ ಕೊಂಡವನಿಗೆ ಆ ಪ್ರಮಾಣಪತ್ರ ಸಲ್ಲುತ್ತಿರಲಿಲ್ಲ. ವಸ್ತುವನ್ನು ಮಾರಬಹುದು, ಅರಿವನ್ನು ಮಾರಲಾಗದು.

2004ರಲ್ಲಿ ಸುಮಾರು 600 ಕಿಲೋ ಮಿತಿಯ ಲಘು ಕ್ರೀಡಾ ವಿಮಾನಗಳ ವರ್ಗ ಬಂದಿತು. ಅದರ ಪ್ರಾಯೋಗಿಕ ಶಾಖೆಯಲ್ಲಿ, ಸ್ವತಃ ಕಟ್ಟದ ಮಾಲೀಕನೂ 16 ಗಂಟೆಗಳ ಶಿಕ್ಷಣ ಪಡೆದು ತನ್ನ ವಿಮಾನವನ್ನು ತಾನೇ ಪರೀಕ್ಷಿಸಲು ಅರ್ಹನಾದನು. ಕಟ್ಟಿ ಕಲಿಯದವನು ಕುಳಿತು ಕಲಿಯಲಿ ಎಂಬುದು ಅದರ ತಾತ್ಪರ್ಯ.

ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಡುವುದನ್ನು ನಾನೆಂದೂ ಒಪ್ಪಿದವನಲ್ಲ. ಆದರೆ ಇಲ್ಲಿ ಸುಳ್ಳು ಅಂಕ ಕೊಟ್ಟವನು ಆ ವಿಮಾನದಲ್ಲಿ ತಾನೇ ಕುಳಿತು ಹಾರಬೇಕು. ಇದಕ್ಕಿಂತ ಕಠಿಣ ಪರೀಕ್ಷಕನಿರಲಾರನು.