ಒಡೆದ ಪೆಟ್ಟಿಗೆ ವಾಪಸ್ ಇಲ್ಲ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದೆ. ಆಗ ಸಾಫ್ಟ್‌ವೇರ್ ಎಂದರೆ ಪ್ಲಾಸ್ಟಿಕ್ ಹಾಳೆ ಬಿಗಿದ ಪೆಟ್ಟಿಗೆ. ಒಳಗೆ ಫ್ಲಾಪಿಗಳ ಲಕೋಟೆ. ಅದರ ಸೀಲು ಒಡೆದರೆ ಷರತ್ತುಗಳಿಗೆಲ್ಲ ಒಪ್ಪಿದಂತೆ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಷರತ್ತು ಓದಬೇಕಾದರೆ ಪೆಟ್ಟಿಗೆ ಒಡೆಯಬೇಕು, ಒಡೆದದ್ದನ್ನು ನಮ್ಮ ಯಜಮಾನರು ವಾಪಸ್ ತಗೊಳ್ಳುತ್ತಿರಲಿಲ್ಲ.

ಈ ಪದ್ಧತಿಗೆ ಕೋರ್ಟಿನ ಗಟ್ಟಿ ಮುದ್ರೆ ಬಿದ್ದದ್ದು ಅಮೆರಿಕದಲ್ಲಿ, 1996ರಲ್ಲಿ. ಪ್ರೊಸಿಡಿ ಎಂಬ ಕಂಪನಿ 3,000ಕ್ಕೂ ಹೆಚ್ಚು ಟೆಲಿಫೋನ್ ಡೈರೆಕ್ಟರಿಗಳನ್ನು ಸಿಡಿಗೆ ಇಳಿಸಿತ್ತು. ವಿಸ್ಕಾನ್ಸಿನ್‌ನ ಮ್ಯಾಥ್ಯೂ ಜೈಡೆನ್‌ಬರ್ಗ್ ಅದನ್ನು ಕೊಂಡು, ಒಳಗಿನ ಮಾಹಿತಿಯನ್ನು ಇಂಟರ್‌ನೆಟ್‌ನಲ್ಲಿ ಅಗ್ಗಕ್ಕೆ ಮಾರತೊಡಗಿದರು. ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಷರತ್ತು ಕೊಂಡವರನ್ನು ಕಟ್ಟಿಹಾಕದು ಎಂದಿತು ಕೆಳಗಿನ ಕೋರ್ಟು. ಮೇಲ್ಮನವಿಯಲ್ಲಿ ನ್ಯಾಯಾಧೀಶ ಈಸ್ಟರ್‌ಬ್ರೂಕ್ ಅದನ್ನು ಮಗುಚಿಹಾಕಿದರು: ಓದಿ ಒಪ್ಪಿಗೆಯಾಗದಿದ್ದರೆ ಸಿಡಿ ಹಿಂದಿರುಗಿಸಬಹುದಿತ್ತಲ್ಲ! ಪುಣ್ಯವಂತರು, ನಮ್ಮ ಯಜಮಾನರನ್ನು ಕಂಡವರಲ್ಲ.

ನಮ್ಮಲ್ಲಿ ಪೆಟ್ಟಿಗೆಯ ಜಗಳ ಒಳಬಂದದ್ದು ತೆರಿಗೆಯ ಬಾಗಿಲಿನಿಂದ: ಕೊಂಡದ್ದು ಸರಕೋ, ಬರೀ ಬಳಸುವ ಹಕ್ಕೋ? ಫ್ಲಾಪಿ, ಸಿಡಿಯಲ್ಲಿ ಮಾರುವ ಸಾಫ್ಟ್‌ವೇರ್ ಪುಸ್ತಕದಂತೆ ಸರಕೇ, ಮಾರಾಟ ತೆರಿಗೆ ಕಟ್ಟಲೇಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಟಾಟಾ ಕನ್ಸಲ್ಟೆನ್ಸಿಗೆ ಹೇಳಿತು. ಆದಾಯ ತೆರಿಗೆ ಇಲಾಖೆಯ ರಾಗವೇ ಬೇರೆ: ವಿದೇಶಿ ಕಂಪನಿಗೆ ಕೊಡುವುದು ಸರಕಿನ ಬೆಲೆಯಲ್ಲ, ಹಕ್ಕುಸ್ವಾಮ್ಯ ಬಳಸಿದ್ದಕ್ಕೆ ರಾಯಲ್ಟಿ; ಹಣ ಕಳಿಸುವ ಮುಂಚೆ ನಮ್ಮ ಪಾಲು ಹಿಡಿಯಿರಿ. 2011ರಲ್ಲಿ ಕರ್ನಾಟಕ ಹೈಕೋರ್ಟು ಇದಕ್ಕೆ ಹೂಂಗುಟ್ಟಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೋರಾಡಿತು. 2021ರ ಮಾರ್ಚ್ 2ರಂದು ನ್ಯಾಯಮೂರ್ತಿ ನಾರಿಮನ್ ಲೈಸೆನ್ಸು ಕರಾರುಗಳನ್ನು ಸಾಲುಸಾಲಾಗಿ ಓದಿ ತೀರ್ಪಿತ್ತರು: ಹಕ್ಕುಸ್ವಾಮ್ಯ ತಯಾರಕನಲ್ಲೇ ಉಳಿಯಿತು, ಕೊಂಡವನಿಗೆ ಸಿಕ್ಕಿದ್ದು ಸರಕು. ಸರ್ಕಾರದ ಒಂದು ಕೈ ಸರಕು ಎಂದಿತ್ತು, ಇನ್ನೊಂದು ಅಲ್ಲವೆಂದಿತ್ತು. ಚಾಚಿದ್ದು ಮಾತ್ರ ಎರಡೂ ದುಡ್ಡಿಗೇ.

ಇಷ್ಟೆಲ್ಲ ವಾದದಲ್ಲಿ ಗಲ್ಲಾದ ಆಚೆ ನಿಂತ ಗಿರಾಕಿಯ ಕಷ್ಟ ಯಾರ ಪ್ರಶ್ನೆಯೂ ಆಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ತಕ್ಕ ಕಾರಣವಿಲ್ಲದೆ ಏಕಪಕ್ಷೀಯವಾಗಿ ರದ್ದುಮಾಡಬಹುದಾದಂಥ ಅನ್ಯಾಯದ ಕರಾರನ್ನು ಪ್ರಶ್ನಿಸಬಹುದು. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. ಸಾಲದ್ದಕ್ಕೆ, ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರೇ ಅಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಷ್ಟೇ ಕೊಂಡೆವೆಂದು ತೋರಿಸಬೇಕು. ಲೆಕ್ಕದ ಸಾಫ್ಟ್‌ವೇರ್ ಒಯ್ಯುತ್ತಿದ್ದ ಚಿಕ್ಕಪೇಟೆಯ ದೊಡ್ಡ ಜವಳಿ ವ್ಯಾಪಾರಿಗಳಿಗೆ ಇದನ್ನು ತೋರಿಸುವುದು ಸುಲಭವಲ್ಲ.