ರಿಫ್ಲೆಕ್ಸಾಲಜಿ

ರಿಫ್ಲೆಕ್ಸಾಲಜಿ ಎಂಬುದು ಪಾದ, ಅಂಗೈ ಮತ್ತು ಕಿವಿಗಳ ಮೇಲಿನ ನಿರ್ದಿಷ್ಟ ಸ್ಥಾನಗಳನ್ನು ಬೆರಳುಗಳಿಂದ ಒತ್ತುವ ಒಂದು ಪೂರಕ ಚಿಕಿತ್ಸಾ ವಿಧಾನ. ಇವುಗಳಲ್ಲಿ ಪಾದಕ್ಕೆ ನೀಡುವ ಚಿಕಿತ್ಸೆಯೇ ಹೆಚ್ಚು ಬಳಕೆಯಲ್ಲಿದೆ. ದೇಹದ ಪ್ರತಿಯೊಂದು ಅಂಗಕ್ಕೂ ಪಾದದಲ್ಲಿ ಒಂದು ಪ್ರತಿನಿಧಿ ಸ್ಥಾನವಿದೆ, ಅದನ್ನು ಒತ್ತಿದರೆ ದೂರದಲ್ಲಿರುವ ಆ ಅಂಗಕ್ಕೆ ಉಪಕಾರವಾಗುತ್ತದೆ ಎಂಬುದು ಇದರ ಮೂಲ ನಂಬಿಕೆ. ಈ ನಂಬಿಕೆಗೆ ಶರೀರರಚನಾಶಾಸ್ತ್ರದ ಆಧಾರ ದೊರೆತಿಲ್ಲ. ಆದರೆ ಪಾದಗಳನ್ನು ಒತ್ತಿಸಿಕೊಂಡವರಿಗೆ ಹಿತವೆನಿಸುವುದು, ಮನಸ್ಸು ಶಾಂತವಾಗುವುದು ಸಾಮಾನ್ಯ ಅನುಭವ. ಆದುದರಿಂದ ಈ ವಿಧಾನವನ್ನು ವಿವೇಚಿಸುವಾಗ ‘ಹಿತ ನೀಡುತ್ತದೆಯೇ’ ಮತ್ತು ‘ರೋಗವನ್ನು ಗುಣಪಡಿಸುತ್ತದೆಯೇ’ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಹೆಸರು

‘ರಿಫ್ಲೆಕ್ಸ್’ ಎಂದರೆ ಜೀವಶಾಸ್ತ್ರದಲ್ಲಿ ಪರಾವರ್ತಿತ ಕ್ರಿಯೆ. ಬಿಸಿ ಪಾತ್ರೆಯನ್ನು ಮುಟ್ಟಿದ ಕೈ ತಾನಾಗಿಯೇ ಹಿಂದಕ್ಕೆ ಸರಿಯುವುದು ಇದಕ್ಕೆ ಉದಾಹರಣೆ. ಇಲ್ಲಿ ಸಂವೇದನೆಯು ನರದ ಮೂಲಕ ಬೆನ್ನುಹುರಿಯನ್ನು ತಲುಪಿ, ಅಲ್ಲಿಂದ ಸ್ನಾಯುವಿಗೆ ಆದೇಶ ಬರುವ ಮಾರ್ಗವನ್ನು ಸ್ಪಷ್ಟವಾಗಿ ತೋರಿಸಬಹುದು. ರಿಫ್ಲೆಕ್ಸಾಲಜಿಯು ಹೇಳುವ ಪಾದ ಮತ್ತು ಅಂಗಗಳ ಸಂಬಂಧಕ್ಕೆ ಇಂತಹ ಮಾರ್ಗವನ್ನು ಯಾರೂ ತೋರಿಸಿಲ್ಲ. ರಷ್ಯಾದ ವಿಜ್ಞಾನಿ ವ್ಲಾದಿಮಿರ್ ಬೆಖ್ತೆರೆವ್ ಇದೇ ಹೆಸರನ್ನು ಮನೋವಿಜ್ಞಾನದ ಒಂದು ಪಂಥಕ್ಕೆ ಬಳಸಿದ್ದರು. ಅದಕ್ಕೂ ಈ ಪಾದ ಚಿಕಿತ್ಸೆಗೂ ಸಂಬಂಧವಿಲ್ಲ.

ಇತಿಹಾಸ

ಈ ಪದ್ಧತಿ ಪ್ರಾಚೀನ ಈಜಿಪ್ಟಿನಿಂದ ಬಂದದ್ದೆಂದು ಅನೇಕ ಕೈಪಿಡಿಗಳು ಹೇಳುತ್ತವೆ. ಸಕ್ಕಾರಾದಲ್ಲಿರುವ ಅಂಖ್‌ಮಾಹೋರನ ಸಮಾಧಿಯ ಗೋಡೆಯ ಮೇಲೆ ಕೆಲವರು ಇತರರ ಕೈಕಾಲುಗಳನ್ನು ಹಿಡಿದು ಉಪಚರಿಸುತ್ತಿರುವ ಉಬ್ಬುಶಿಲ್ಪವಿರುವುದು ನಿಜ. ಅದು ಅಂಗಮರ್ದನವೋ, ಉಗುರಿನ ಆರೈಕೆಯೋ, ಬೇರಾವ ಉಪಚಾರವೋ ಎಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆ. ಪಾದದಲ್ಲಿ ಅಂಗಗಳ ನಕ್ಷೆಯನ್ನು ಗುರುತಿಸುವ ಪದ್ಧತಿ ಅಂದೇ ಇತ್ತೆನ್ನಲು ಈ ಒಂದು ಶಿಲ್ಪ ಸಾಲದು.

ಇಂದಿನ ರೂಪದ ರಿಫ್ಲೆಕ್ಸಾಲಜಿ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆದದ್ದು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದ ವಿಲಿಯಂ ಫಿಟ್ಜ್‌ಜೆರಾಲ್ಡ್ (1872–1942), ದೇಹದ ಒಂದು ಭಾಗವನ್ನು ಒತ್ತಿದರೆ ಮತ್ತೊಂದು ಭಾಗದ ನೋವು ಶಮನವಾಗುತ್ತದೆಂದು ಪ್ರತಿಪಾದಿಸಿದರು. ಅವರು ದೇಹವನ್ನು ತಲೆಯಿಂದ ಕಾಲ್ಬೆರಳಿನವರೆಗೆ ಹತ್ತು ಉದ್ದ ವಲಯಗಳಾಗಿ, ಎಡಕ್ಕೆ ಐದು ಮತ್ತು ಬಲಕ್ಕೆ ಐದರಂತೆ, ವಿಭಾಗಿಸಿದರು. ಬೆರಳುಗಳನ್ನು ಒತ್ತಲು ರಬ್ಬರ್ ಬ್ಯಾಂಡು, ಬಟ್ಟೆ ಒಣಹಾಕುವ ಕ್ಲಿಪ್ಪು, ಬಾಚಣಿಗೆ ಮೊದಲಾದ ಸಾಧನಗಳನ್ನು ಬಳಸುತ್ತಿದ್ದರು. ಈ ಕ್ರಮಕ್ಕೆ ‘ಝೋನ್ ಥೆರಪಿ’, ಅಂದರೆ ವಲಯ ಚಿಕಿತ್ಸೆ, ಎಂಬ ಹೆಸರಿತ್ತು. 1917ರಲ್ಲಿ ಎಡ್ವಿನ್ ಬೋವರ್ಸ್ ಅವರೊಡನೆ ಸೇರಿ ಫಿಟ್ಜ್‌ಜೆರಾಲ್ಡ್ ಈ ಕುರಿತು ಪುಸ್ತಕ ಪ್ರಕಟಿಸಿದರು.

ಶೆಲ್ಬಿ ರೈಲಿ ಎಂಬ ವೈದ್ಯರು ಈ ವಿಚಾರವನ್ನು ಮುಂದುವರಿಸಿದರು. ಅವರ ಬಳಿ ಕೆಲಸ ಮಾಡಿದ ಯೂನಿಸ್ ಇಂಗ್ಹಮ್ (1889–1974) 1930ರ ದಶಕದಲ್ಲಿ ಪಾದವನ್ನೇ ಕೇಂದ್ರವಾಗಿಟ್ಟುಕೊಂಡು ವಿವರವಾದ ನಕ್ಷೆಯನ್ನು ರೂಪಿಸಿದರು. 1938ರಲ್ಲಿ ಪುಸ್ತಕ ಬರೆದು, ಊರೂರು ಸುತ್ತಿ ತರಗತಿಗಳನ್ನು ನಡೆಸಿದರು. ಅವರ ಶಿಷ್ಯರ ಮೂಲಕ ಈ ವಿಧಾನ ಬ್ರಿಟನ್, ಜರ್ಮನಿ ಮೊದಲಾದ ದೇಶಗಳಿಗೆ ಹರಡಿತು.

ಪಾದದ ನಕ್ಷೆ

ಎರಡೂ ಪಾದಗಳನ್ನು ಜೋಡಿಸಿ ನೋಡಿದರೆ ಅದರಲ್ಲಿ ಇಡೀ ದೇಹದ ಚಿತ್ರ ಅಡಗಿದೆ ಎಂಬುದು ನಕ್ಷೆಯ ಕಲ್ಪನೆ. ಸಾಮಾನ್ಯವಾಗಿ ಕಾಣುವ ವಿಂಗಡಣೆ ಹೀಗಿದೆ:

• ಹೆಬ್ಬೆರಳು: ತಲೆ ಮತ್ತು ಮಿದುಳು
• ಉಳಿದ ಬೆರಳುಗಳ ಬುಡ: ಕಣ್ಣು, ಕಿವಿ
• ಬೆರಳುಗಳ ಕೆಳಗಿನ ಉಬ್ಬು ಭಾಗ: ಎದೆ, ಶ್ವಾಸಕೋಶ
• ಅಂಗಾಲಿನ ತಗ್ಗು: ಜಠರ, ಮೂತ್ರಪಿಂಡ
• ಹಿಮ್ಮಡಿ: ಸೊಂಟ ಮತ್ತು ಕೆಳಹೊಟ್ಟೆಯ ಭಾಗ
• ಪಾದದ ಒಳ ಅಂಚು: ಬೆನ್ನುಮೂಳೆ

ಯಕೃತ್ತು ದೇಹದ ಬಲಕ್ಕಿರುವುದರಿಂದ ಅದನ್ನು ಬಲಪಾದದಲ್ಲಿಯೂ, ಹೃದಯವನ್ನು ಮುಖ್ಯವಾಗಿ ಎಡಪಾದದಲ್ಲಿಯೂ ತೋರಿಸಲಾಗುತ್ತದೆ. ಆದರೆ ಎಲ್ಲ ನಕ್ಷೆಗಳೂ ಒಂದೇ ರೀತಿಯಲ್ಲಿಲ್ಲ. ಒಂದೇ ಅಂಗವನ್ನು ಬೇರೆ ಬೇರೆ ಪಂಥದವರು ಬೇರೆ ಬೇರೆ ಸ್ಥಾನಗಳಲ್ಲಿ ಗುರುತಿಸುವುದುಂಟು.

ಚಿಕಿತ್ಸೆಯ ಕ್ರಮ

ಒಂದು ಸಲದ ಚಿಕಿತ್ಸೆಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಚಿಕಿತ್ಸಕರು ಮೊದಲು ಆರೋಗ್ಯದ ಹಿನ್ನೆಲೆಯನ್ನು ವಿಚಾರಿಸುತ್ತಾರೆ. ವ್ಯಕ್ತಿಯು ಒರಗುಕುರ್ಚಿಯಲ್ಲಿ ಪಾದರಕ್ಷೆ, ಕಾಲುಚೀಲಗಳನ್ನು ಕಳಚಿ ಕುಳಿತುಕೊಳ್ಳುತ್ತಾನೆ. ಚಿಕಿತ್ಸಕರು ಹೆಬ್ಬೆರಳನ್ನು ಮಡಚುತ್ತ ಬಿಡಿಸುತ್ತ, ಕಂಬಳಿಹುಳು ಸಾಗುವಂತೆ, ಅಂಗಾಲಿನ ಉದ್ದಕ್ಕೂ ಒತ್ತುತ್ತ ಸಾಗುತ್ತಾರೆ. ನೋವೆನಿಸಿದ ಸ್ಥಾನಕ್ಕೆ ಸಂಬಂಧಿಸಿದ ಅಂಗದಲ್ಲಿ ದೋಷವಿದೆಯೆಂದು ಕೆಲವರು ಅರ್ಥೈಸುತ್ತಾರೆ. ಅಲ್ಲಿ ಹರಳುಗಳು ಶೇಖರವಾಗಿರುತ್ತವೆ, ಒತ್ತಿದಾಗ ಅವು ಕರಗುತ್ತವೆ ಎಂಬ ಹೇಳಿಕೆಯೂ ಇದೆ. ಇದಕ್ಕೆ ಪುರಾವೆಯಿಲ್ಲ. ದಿನವಿಡೀ ನಿಂತು ದುಡಿದವರ ಅಂಗಾಲು ಯಾವ ರೋಗವಿಲ್ಲದಿದ್ದರೂ ನೋಯುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ವೈಜ್ಞಾನಿಕ ಪರೀಕ್ಷೆಗಳು

ಪಾದವನ್ನು ನೋಡಿ ರೋಗವನ್ನು ತಿಳಿಯಬಹುದೇ ಎಂಬುದನ್ನು 2000ದಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ ಪರೀಕ್ಷಿಸಿತು. ರೋಗವಿವರ ತಿಳಿಯದ ಇಬ್ಬರು ಚಿಕಿತ್ಸಕರು 18 ಜನರ ಪಾದಗಳನ್ನು ಪರಿಶೀಲಿಸಿದರು. ಅವರ ನಿರ್ಣಯಗಳು ಕೇವಲ ಊಹೆಗಿಂತ ನಿಖರವಾಗಿರಲಿಲ್ಲ. ಡೆನ್ಮಾರ್ಕಿನಲ್ಲಿ ಅಸ್ತಮಾ ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಜವಾದ ಚಿಕಿತ್ಸೆ ಪಡೆದವರಿಗೂ ತೋರಿಕೆಯ ಚಿಕಿತ್ಸೆ ಪಡೆದವರಿಗೂ ಗಮನಾರ್ಹ ಅಂತರ ಕಾಣಲಿಲ್ಲ. ಎಡ್ಜಾರ್ಡ್ ಅರ್ನ್ಸ್ಟ್ 2009ರಲ್ಲಿ 18 ಪ್ರಯೋಗಗಳನ್ನು ಒಟ್ಟಾಗಿ ಪರಾಮರ್ಶಿಸಿ, ಯಾವ ರೋಗಕ್ಕೂ ಇದು ಪರಿಣಾಮಕಾರಿಯೆಂದು ನಂಬಲರ್ಹವಾಗಿ ಸಿದ್ಧವಾಗಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಅಮೆರಿಕದಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಫಲಿತಾಂಶ ಮಿಶ್ರವಾಗಿತ್ತು. ಚಿಕಿತ್ಸೆ ಪಡೆದವರಲ್ಲಿ ಉಸಿರಾಟದ ಕಷ್ಟ ಕಡಿಮೆಯಾಗಿ, ದೈನಂದಿನ ಚಟುವಟಿಕೆ ಸುಧಾರಿಸಿತು. ನೋವು, ವಾಕರಿಕೆ, ಖಿನ್ನತೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇಂತಹ ಪ್ರಯೋಗಗಳನ್ನು ನಡೆಸುವುದು ಸುಲಭವಲ್ಲ. ಔಷಧದ ಬದಲು ಸಕ್ಕರೆ ಗುಳಿಗೆಯನ್ನು ರೋಗಿಗೆ ತಿಳಿಯದಂತೆ ಕೊಡಬಹುದು. ಪಾದ ಒತ್ತುವುದನ್ನು ಹಾಗೆ ಮರೆಮಾಚಲಾಗದು. ಮತ್ತೊಬ್ಬರ ಸ್ಪರ್ಶ, ವಿಶ್ರಾಂತಿ, ತನ್ನ ಮಾತನ್ನು ಆಲಿಸುವವರು ದೊರೆತರೆಂಬ ಸಮಾಧಾನ ಇವೆಲ್ಲವೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ.

ಇತರ ಪದ್ಧತಿಗಳೊಡನೆ ವ್ಯತ್ಯಾಸ

ಭಾರತದಲ್ಲಿ ರಿಫ್ಲೆಕ್ಸಾಲಜಿಯನ್ನು ಆಕ್ಯುಪ್ರೆಶರ್ ಎಂದೇ ಕರೆಯುವ ರೂಢಿಯಿದೆ. ಆಕ್ಯುಪ್ರೆಶರ್ ಚೀನೀ ವೈದ್ಯದ ‘ಮೆರಿಡಿಯನ್’ ಎಂಬ ಶಕ್ತಿಪಥಗಳ ಕಲ್ಪನೆಯನ್ನು ಆಧರಿಸಿದ್ದು, ಅದರ ಬಿಂದುಗಳು ದೇಹದಾದ್ಯಂತ ಇರುತ್ತವೆ. ಆಯುರ್ವೇದದ ಪಾದಾಭ್ಯಂಗವು ಇವೆರಡಕ್ಕಿಂತ ಬೇರೆ. ಅಂಗಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಈ ಕ್ರಮವನ್ನು ದಿನಚರ್ಯೆಯ ಭಾಗವಾಗಿ ಚರಕಸಂಹಿತೆಯಲ್ಲಿ ಹೇಳಲಾಗಿದೆ. ಅದರಲ್ಲಿ ಅಂಗಗಳ ನಕ್ಷೆಯಿಲ್ಲ.

ಮಾನ್ಯತೆ

ಬ್ರಿಟನ್ನಿನಲ್ಲಿ 2008ರಲ್ಲಿ ಸ್ಥಾಪನೆಯಾದ ಪೂರಕ ಚಿಕಿತ್ಸಕರ ಮಂಡಳಿಯೊಂದರಲ್ಲಿ ರಿಫ್ಲೆಕ್ಸಾಲಜಿ ಚಿಕಿತ್ಸಕರು ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದು. ಆಸ್ಟ್ರೇಲಿಯಾವು 2019ರ ಏಪ್ರಿಲಿನಿಂದ ಖಾಸಗಿ ಆರೋಗ್ಯ ವಿಮೆಯ ವ್ಯಾಪ್ತಿಯಿಂದ ಇದನ್ನೂ ಸೇರಿಸಿ 16 ಚಿಕಿತ್ಸೆಗಳನ್ನು ಕೈಬಿಟ್ಟಿತು. ಭಾರತದ ಆಯುಷ್ ಪದ್ಧತಿಗಳ ಹೆಸರಿನಲ್ಲಿ ರಿಫ್ಲೆಕ್ಸಾಲಜಿ ಪ್ರತ್ಯೇಕವಾಗಿ ಸೇರಿಲ್ಲ.

ಎಚ್ಚರಿಕೆಗಳು

ಆರೋಗ್ಯವಂತರಿಗೆ ಈ ಚಿಕಿತ್ಸೆಯಿಂದ ಅಪಾಯ ಕಡಿಮೆ. ಆದರೆ ಕೆಲವು ಸಂದರ್ಭಗಳಲ್ಲಿ ಮೊದಲು ವೈದ್ಯರ ಸಲಹೆ ಪಡೆಯುವುದು ಅವಶ್ಯ:

• ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಒಂದು ಕಾಲು ಮಾತ್ರ ಹಠಾತ್ತಾಗಿ ಊದಿಕೊಂಡು ನೋಯುತ್ತಿದ್ದರೆ
• ಪಾದದಲ್ಲಿ ಮೂಳೆಮುರಿತ, ಗಾಯ, ಹುಣ್ಣು ಅಥವಾ ಸೋಂಕು ಇದ್ದರೆ
• ಗೌಟ್‌ನ ತೀವ್ರ ನೋವಿದ್ದರೆ
• ಗರ್ಭಿಣಿಯಾಗಿದ್ದರೆ

ಮಧುಮೇಹವಿರುವವರು ವಿಶೇಷ ಎಚ್ಚರ ವಹಿಸಬೇಕು. ದೀರ್ಘಕಾಲದ ಮಧುಮೇಹದಿಂದ ಪಾದದ ನರಗಳು ದುರ್ಬಲವಾಗಿ ಸ್ಪರ್ಶಜ್ಞಾನ ಕುಗ್ಗಬಹುದು. ಆಗ ಒತ್ತಡ ಅತಿಯಾದರೂ ತಿಳಿಯುವುದಿಲ್ಲ. ಆದ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಚಿಕಿತ್ಸೆಯ ವಿಳಂಬ. ಎದೆನೋವು, ಏರುತ್ತಿರುವ ರಕ್ತದೊತ್ತಡ, ಹೊಸದಾಗಿ ಕಂಡ ಗಂಟು ಇವುಗಳಿಗೆ ಪಾದವನ್ನು ಒತ್ತಿಸಿಕೊಳ್ಳುತ್ತ ಕಾಲ ಕಳೆದರೆ, ಗುಣಪಡಿಸಬಹುದಾದ ರೋಗವೂ ಕೈಮೀರಬಹುದು. ರೋಗನಿರ್ಣಯಕ್ಕೆ ಇದನ್ನು ಅವಲಂಬಿಸಬಾರದು ಮತ್ತು ವೈದ್ಯರು ಕೊಟ್ಟ ಔಷಧವನ್ನು ಇದರ ಭರವಸೆಯಿಂದ ನಿಲ್ಲಿಸಬಾರದು. ‘ಪೂರಕ’ ಎಂಬ ಪದದ ಅರ್ಥವೂ ಅದೇ: ಮುಖ್ಯ ಚಿಕಿತ್ಸೆಯ ಜೊತೆಗಿರುವುದು, ಅದರ ಬದಲಿಗೆ ಬರುವುದಲ್ಲ.