ಬಡವನ ಮನೆ: ನಿವೇಶನ, ಬಂಡವಾಳ ಮತ್ತು ಕಂತು

ಅನ್ನ, ವಸ್ತ್ರ, ವಸತಿ ಇವು ಮೂರೂ ಮಾನವ ಜೀವನದ ಮೂಲಭೂತ ಅವಶ್ಯಕತೆಗಳೆಂಬುದು ಸರ್ವವಿದಿತವಾದ ಮಾತು. ಆದರೆ ವಾಚಕರೇ, ಈ ಮೂರರ ನಡುವೆ ಒಂದು ದೊಡ್ಡ ವ್ಯತ್ಯಾಸವಿರುವುದನ್ನು ನೀವು ಗಮನಿಸಿರಬಹುದು. ಅನ್ನವನ್ನು ಅಂದಂದಿನ ದುಡಿಮೆಯಿಂದ ಅಂದಂದಿಗೇ ಸಂಪಾದಿಸಬಹುದು. ವಸ್ತ್ರವನ್ನು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಕೊಳ್ಳಬಹುದು. ಮನೆಯಾದರೋ ಹಾಗಲ್ಲ. ಹತ್ತಾರು ವರ್ಷಗಳ ಗಳಿಕೆಯನ್ನು ಒಂದೇ ಸಲಕ್ಕೆ ಬೇಡುವ ವಸ್ತು ಅದು. ಅಷ್ಟು ಹಣ ಯಾವ ಕೂಲಿಕಾರನ ಕೈಯಲ್ಲಿಯೂ ಒಮ್ಮೆಗೇ ಇರಲಾರದು. ಆದುದರಿಂದ ಬಡವನ ಮನೆಯ ಇತಿಹಾಸವೆಂದರೆ ಬರಿಯ ಇಟ್ಟಿಗೆ ಗಾರೆಗಳ ಇತಿಹಾಸವಲ್ಲ. ಅದು ನೆಲದ ಹಕ್ಕಿನ ಹಾಗೂ ಸಾಲದ ಇತಿಹಾಸ. ನಮ್ಮ ನಾಡು ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಎದುರಿಸಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಹಿಂದಿನ ಹಳ್ಳಿಯಲ್ಲಿ ಮನೆ ಕಟ್ಟುವುದು ಇಂದಿನಷ್ಟು ದುಬಾರಿಯ ಕೆಲಸವಾಗಿರಲಿಲ್ಲ. ಕೆರೆಯ ಮಣ್ಣು, ಅಡವಿಯ ಮರ, ಹೊಲದ ಹುಲ್ಲು, ನೆರೆಹೊರೆಯವರ ಕೈಗಳು, ಇಷ್ಟಿದ್ದರೆ ಗೋಡೆ ಏಳುತ್ತಿತ್ತು, ಮಾಡು ನಿಲ್ಲುತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆಯಾಗಲಿ ಮಲೆನಾಡಿನ ಹುಲ್ಲುಮಾಡಾಗಲಿ ಸ್ಥಳದಲ್ಲಿ ದೊರೆಯುವ ವಸ್ತುಗಳಿಂದಲೇ ಆಗುತ್ತಿದ್ದವು. ಆದರೆ ಆ ಸುಲಭತೆಯ ಅಡಿಯಲ್ಲಿ ಒಂದು ಕಠೋರ ಸತ್ಯ ಅಡಗಿತ್ತು. ಭೂಮಿಯಿಲ್ಲದ ಕೂಲಿಯಾಳು ತನ್ನ ಗುಡಿಸಲನ್ನು ಅನೇಕ ವೇಳೆ ಒಡೆಯನ ನೆಲದ ಮೇಲೆಯೇ ಹಾಕಿಕೊಳ್ಳಬೇಕಾಗಿತ್ತು. ಕೂಲಿಯ ವಿಷಯದಲ್ಲಿ ಮಾತು ಮೀರಿದರೆ ಗುಡಿಸಲೂ ಹೋಗುತ್ತಿತ್ತು. ಮನೆ ಅವನದಾಗಿದ್ದರೂ ಮನೆಯ ಕೆಳಗಿನ ನೆಲ ಅವನದಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದಿನ ಕಥೆಯೆಲ್ಲವೂ ಇದರ ಸುತ್ತಲೇ ತಿರುಗುತ್ತದೆ.

ವಸತಿಯ ಪ್ರಶ್ನೆಯನ್ನು ಸರಕಾರದ ಕಣ್ಣಿಗೆ ಮೊದಲು ತಂದುದು ಕರುಣೆಯಲ್ಲ, ಭಯ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಓಣಿಗಳಲ್ಲಿ ಮಾರಿ ಹಬ್ಬಿದಾಗ, ಊರನ್ನು ಹಿಗ್ಗಿಸದೆ ಗತಿಯಿಲ್ಲವೆಂಬುದು ಮೈಸೂರು ಸಂಸ್ಥಾನಕ್ಕೆ ಮನವರಿಕೆಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹೀಗೆ ರೂಪುಗೊಂಡವು. ಅಗಲವಾದ ಬೀದಿಗಳು, ಅಳತೆಯ ನಿವೇಶನಗಳು, ಮನೆಗಳ ಹಿಂದೆ ಜಾಡಮಾಲಿಗಳ ಓಣಿಗಳು, ಇವೆಲ್ಲ ಆ ಕಾಲದ ದೂರದೃಷ್ಟಿಗೆ ಸಾಕ್ಷಿಗಳಾಗಿವೆ. ಅದೇ ೧೮೯೮ರಲ್ಲಿ ಮುಂಬಯಿಯಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ೧೯೦೩ರಲ್ಲಿ ಮೈಸೂರು ನಗರಕ್ಕೂ ಅಂತಹ ಮಂಡಳಿ ಬಂದಿತು. ಆದರೆ ನಿವೇಶನವನ್ನು ಕೊಂಡು ತನ್ನ ಖರ್ಚಿನಿಂದ ಮನೆ ಕಟ್ಟಬಲ್ಲವನು ಮಾತ್ರ ಹೊಸ ಬಡಾವಣೆಯ ನಿವಾಸಿಯಾಗಬಲ್ಲನಷ್ಟೆ? ಅಧಿಕಾರಿ, ವಕೀಲ, ವರ್ತಕರು ಹೊಸ ಬೀದಿಗೆ ಬಂದರು. ಹಮಾಲನೂ ನೇಕಾರನೂ ಹಳೆಯ ಓಣಿಯಲ್ಲಿಯೇ ಉಳಿದರು. ನೆಲವನ್ನು ಒದಗಿಸಿದ ಮಾತ್ರಕ್ಕೆ ಬಡವನಿಗೆ ಮನೆಯಾಗದು ಎಂಬುದು ಇತಿಹಾಸ ಕಲಿಸಿದ ಮೊದಲನೆಯ ಪಾಠ.

ಹಣದ ಪ್ರಶ್ನೆಗೆ ಉತ್ತರ ಬಂದುದು ಸಹಕಾರ ಚಳವಳಿಯಿಂದ. ೧೯೦೪ರ ಸಹಕಾರ ಕಾಯಿದೆಯ ಮರುವರ್ಷವೇ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರೆಂಬುದನ್ನು ನೀವು ಬಲ್ಲಿರಿ. ಅದೇ ತತ್ತ್ವ ಮನೆಗೂ ಅನ್ವಯಿಸಿತು. ೧೯೦೯ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಕಟ್ಟಡ ಸಹಕಾರ ಸಂಘವನ್ನು ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಗುರುತಿಸುತ್ತಾರೆ. ೧೯೧೫ರಲ್ಲಿ ಮುಂಬಯಿಯ ಗಾಂವದೇವಿಯಲ್ಲಿ, ಕೆನರಾ ಸೀಮೆಯಿಂದ ವಲಸೆ ಹೋದ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ನೇತೃತ್ವದಲ್ಲಿ ಇನ್ನೊಂದು ಬಗೆಯ ಸಂಘವನ್ನು ಕಟ್ಟಿದರು. ಅಲ್ಲಿ ಕಟ್ಟಡದ ಒಡೆತನ ಸಂಘದ್ದು. ಸದಸ್ಯನು ಷೇರುಹಣ ಕೊಟ್ಟು, ತಿಂಗಳ ಬಾಡಿಗೆ ಸಲ್ಲಿಸುತ್ತ ನಿಶ್ಚಿಂತನಾಗಿ ವಾಸಿಸುವನು. ಒಬ್ಬನಿಂದಾಗದುದು ಹತ್ತು ಜನರಿಂದಾಗುವುದು ಎಂಬ ಸರಳ ಸತ್ಯವೇ ಇದರ ತಳಹದಿ. ಆದರೂ ತಿಂಗಳ ಸಂಬಳವಿದ್ದವನೇ ಈ ಸಂಘಗಳ ಸದಸ್ಯನಾದನೆಂಬುದನ್ನು ಮರೆಯಲಾಗದು. ದಿನಗೂಲಿಯವನಿಗೆ ಷೇರುಹಣವೇ ಬೆಟ್ಟವಾಗಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ಹುಟ್ಟಿ, ಸಹಸ್ರಾರು ಕಾರ್ಮಿಕರು ನಗರಕ್ಕೆ ಬಂದರು. ೧೯೪೫ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ರಚಿತವಾಯಿತು. ೧೯೪೮ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಕೇಂದ್ರ ಸರಕಾರ ೧೯೫೨ರಲ್ಲಿ ಕೈಗಾರಿಕಾ ಕಾರ್ಮಿಕರ ವಸತಿಗೆ ಸಹಾಯಧನದ ಯೋಜನೆಯನ್ನೂ ೧೯೫೪ರಲ್ಲಿ ಅಲ್ಪ ಆದಾಯದವರ ಗೃಹನಿರ್ಮಾಣ ಯೋಜನೆಯನ್ನೂ ಜಾರಿಗೆ ತಂದಿತು. ಈ ಎರಡನೆಯದರ ಷರತ್ತುಗಳನ್ನು ಸ್ವಲ್ಪ ಪರಿಶೀಲಿಸೋಣ. ವರ್ಷಕ್ಕೆ ೬,೦೦೦ ರೂಪಾಯಿಗೆ ಮೀರದ ಆದಾಯವುಳ್ಳವರಿಗೆ ಮನೆಯ ವೆಚ್ಚದ ಶೇಕಡಾ ೮೦ರವರೆಗೆ, ಹೆಚ್ಚೆಂದರೆ ೮,೦೦೦ ರೂಪಾಯಿ ಸಾಲ. ಉಳಿದ ಶೇಕಡಾ ೨೦ರಷ್ಟನ್ನು ಮನೆ ಕಟ್ಟುವವನೇ ತರಬೇಕು. ಅಂದಿನ ಕಾಲದಲ್ಲಿ ತಿಂಗಳಿಗೆ ೫೦೦ ರೂಪಾಯಿ ಗಳಿಸುವವನು ಬಡವನಾಗಿರಲಿಲ್ಲ. ನಿಜವಾದ ಬಡವನ ಬಳಿ ಆ ಐದನೆಯ ಒಂದು ಪಾಲೂ ಇರಲಿಲ್ಲ, ಅಡವಿಡಲು ನೆಲವೂ ಇರಲಿಲ್ಲ. ಸಾಲ ಇದ್ದವನಿಗೇ ಸಿಗುವುದು, ಇಲ್ಲದವನಿಗೆ ಸಿಗದು ಎಂಬ ಲೋಕರೂಢಿಯನ್ನು ಯೋಜನೆ ಮುರಿಯಲಾರದೆ ಹೋಯಿತು. ಇದು ಎರಡನೆಯ ಪಾಠ.

ಎಪ್ಪತ್ತರ ದಶಕದಲ್ಲಿ ದೃಷ್ಟಿ ಮತ್ತೆ ನೆಲದ ಕಡೆಗೆ ಹೊರಳಿತು. ದೇವರಾಜ ಅರಸರ ಆಡಳಿತದಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟುದನ್ನು ಎಲ್ಲರೂ ಸ್ಮರಿಸುತ್ತಾರೆ. ಅದೇ ಕಾಯಿದೆಯ ೩೮ನೆಯ ಕಲಮು, ಅನ್ಯರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ವಾಸಸ್ಥಳದ ಒಡೆತನವನ್ನು ಕೊಡಮಾಡಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನಿವೇಶನರಹಿತರಿಗೆ ನಿವೇಶನ ಹಂಚುವುದು ೧೯೭೫ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿಯೂ ಸೇರಿತು. ಊರೂರ ಅಂಚಿನಲ್ಲಿ ‘ಜನತಾ ಕಾಲೋನಿ’ಗಳು ತಲೆಯೆತ್ತಿದವು. ನಗರಗಳ ಕೊಳಚೆ ಪ್ರದೇಶಗಳಿಗಾಗಿ ೧೯೭೩ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ೧೯೭೦ರಲ್ಲಿ ಸ್ಥಾಪನೆಗೊಂಡಿದ್ದ ಹುಡ್ಕೋ ಸಂಸ್ಥೆ, ಆದಾಯ ಕಡಿಮೆಯಾದಷ್ಟೂ ಬಡ್ಡಿಯನ್ನು ಕಡಿಮೆ ಮಾಡುವ ನೀತಿಯಿಂದ ರಾಜ್ಯದ ಮಂಡಳಿಗಳಿಗೆ ಸಾಲ ನೀಡತೊಡಗಿತು. ಆದರೂ ದಾಖಲೆಯ ಕೆಲಸ ಎಷ್ಟು ನಿಧಾನವೆಂಬುದಕ್ಕೆ ಒಂದು ನಿದರ್ಶನ ಸಾಕು. ಲಂಬಾಣಿ ತಾಂಡಾಗಳಂತಹ ಅನೇಕ ಜನವಸತಿಗಳು ಕಂದಾಯದ ಪುಸ್ತಕದಲ್ಲಿ ಊರುಗಳೇ ಆಗಿರಲಿಲ್ಲ. ತಲೆಮಾರುಗಳಿಂದ ವಾಸವಾಗಿದ್ದ ಅಂತಹ ೫೦ ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳು ವಿತರಣೆಯಾದುದು ೨೦೨೩ರ ಜನವರಿಯಲ್ಲಿ, ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ.

ಮುಂದಿನ ಹೆಜ್ಜೆ, ಸಾಲದ ಬದಲು ನೇರವಾಗಿ ಸಹಾಯಧನ. ೧೯೮೫ರಲ್ಲಿ ಇಂದಿರಾ ಆವಾಸ್ ಯೋಜನೆ ಪರಿಶಿಷ್ಟ ಜಾತಿ ಪಂಗಡಗಳವರನ್ನೂ ಬಿಡುಗಡೆ ಹೊಂದಿದ ಜೀತದಾಳುಗಳನ್ನೂ ಉದ್ದೇಶಿಸಿ ಹುಟ್ಟಿತು. ಮನೆಯು ಗೃಹಿಣಿಯ ಹೆಸರಿನಲ್ಲಿ ಅಥವಾ ದಂಪತಿಗಳ ಜಂಟಿ ಹೆಸರಿನಲ್ಲಿರಬೇಕೆಂಬ ಅದರ ನಿಯಮ ಶ್ಲಾಘನೀಯವಾದುದು. ಕರ್ನಾಟಕದಲ್ಲಿ ೧೯೯೧-೯೨ರಲ್ಲಿ ಆಶ್ರಯ ಯೋಜನೆ ಬಂದಿತು. ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು. ೨೦೧೬ರಲ್ಲಿ ಕೇಂದ್ರದ ಗ್ರಾಮೀಣ ಯೋಜನೆ ಪ್ರಧಾನಮಂತ್ರಿ ಆವಾಸ್ ಯೋಜನೆಯಾಗಿ ಮಾರ್ಪಟ್ಟು, ಬಯಲು ಪ್ರದೇಶದ ಮನೆಗೆ ೧,೨೦,೦೦೦ ರೂಪಾಯಿ ಸಹಾಯಧನ ಗೊತ್ತಾಯಿತು. ಇಲ್ಲಿ ತೊಡಕಿರುವುದು ಹಣ ಬರುವ ಕ್ರಮದಲ್ಲಿ. ಕೆಲಸ ಮುಂದುವರಿದುದನ್ನು ತೋರಿಸಿದಂತೆಲ್ಲ ಹಣ ಕಂತುಕಂತಾಗಿ ಬರುತ್ತದೆ. ದುರುಪಯೋಗವನ್ನು ತಡೆಯಲು ಇದು ಅವಶ್ಯವೇ ಸರಿ. ಆದರೆ ಕೆಲಸವನ್ನು ಒಂದು ಹಂತಕ್ಕೆ ಮುಟ್ಟಿಸಲು ಮೊದಲು ಕೈಯಿಂದ ಹಣ ಹಾಕಬೇಕು. ಇಲ್ಲದವನು ಕೈಸಾಲ ಮಾಡುತ್ತಾನೆ. ಕಂತು ತಡವಾದರೆ ಆ ಸಾಲದ ಬಡ್ಡಿ ಗೋಡೆಗಿಂತ ವೇಗವಾಗಿ ಬೆಳೆಯುತ್ತದೆ. ಛಾವಣಿಯಿಲ್ಲದೆ ಮಳೆಯಲ್ಲಿ ನೆನೆಯುತ್ತಿರುವ ಗೋಡೆಗಳನ್ನು ನೀವು ನಿಮ್ಮ ಊರಿನಲ್ಲಿಯೂ ಕಂಡಿರಬಹುದು. ಅವೆಲ್ಲವೂ ಸೋಮಾರಿತನದ ಗುರುತುಗಳಲ್ಲ.

ನಗರದಲ್ಲಿ ಬ್ಯಾಂಕಿನ ಸಾಲವೇ ಮುಖ್ಯ ದಾರಿಯಾಯಿತು. ೧೯೭೭ರಲ್ಲಿ ಗೃಹಸಾಲಕ್ಕೆಂದೇ ಎಚ್‌ಡಿಎಫ್‌ಸಿ ಸಂಸ್ಥೆ ಹುಟ್ಟಿತು. ೧೯೮೮ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಕಾರ್ಯಾರಂಭ ಮಾಡಿತು. ಬಡ್ಡಿಯ ಮಹಿಮೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೫ ಲಕ್ಷ ರೂಪಾಯಿ ಸಾಲವನ್ನು ೨೦ ವರ್ಷಗಳ ಅವಧಿಗೆ ಶೇಕಡಾ ೯ರ ಬಡ್ಡಿಗೆ ಪಡೆದರೆ ತಿಂಗಳ ಕಂತು ಸುಮಾರು ೪,೫೦೦ ರೂಪಾಯಿ. ಒಟ್ಟು ಸಲ್ಲುವ ಹಣ ೧೦ ಲಕ್ಷ ೮೦ ಸಾವಿರದ ಸಮೀಪ. ಬಡ್ಡಿ ಶೇಕಡಾ ೧೨ ಆದರೆ ಕಂತು ೫,೫೦೦ಕ್ಕೆ ಏರುತ್ತದೆ, ಒಟ್ಟು ೧೩ ಲಕ್ಷವನ್ನು ಮೀರುತ್ತದೆ. ಸಂಬಳದ ಚೀಟಿಯಿಲ್ಲದ ಗಾರೆಕೆಲಸದವನಿಗೆ, ತರಕಾರಿ ಮಾರುವ ತಾಯಿಗೆ ಸಾಲ ಸಿಕ್ಕರೂ ಹೆಚ್ಚಿನ ಬಡ್ಡಿಗೇ ಸಿಗುವುದುಂಟು. ಹೀಗೆ ಒಂದೇ ಮನೆಗೆ ಬಡವನು ಅನುಕೂಲಸ್ಥನಿಗಿಂತ ಹೆಚ್ಚು ತೆರುತ್ತಾನೆ. ೨೦೧೫ರ ನಗರ ಯೋಜನೆ ಬಡ್ಡಿಗೆ ಸಹಾಯಧನ ಕೊಟ್ಟು ಈ ಅಂತರವನ್ನು ತಗ್ಗಿಸಲು ಯತ್ನಿಸಿತು. ಆದರೆ ಬಡ್ಡಿಯ ಸಹಾಯ ದೊರೆಯಬೇಕಾದರೆ ಮೊದಲು ಸಾಲವೇ ದೊರೆಯಬೇಕಷ್ಟೆ?

ಇನ್ನು, ಬಡವರ ಹೆಸರಿನಲ್ಲಿ ನಡೆದ ಅನ್ಯಾಯವನ್ನೂ ಇತಿಹಾಸ ಮರೆಮಾಚಬಾರದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತ ಗೃಹನಿರ್ಮಾಣ ಸಹಕಾರ ಸಂಘಗಳು ಅಣಬೆಗಳಂತೆ ಎದ್ದವು. ಸಾರ್ವಜನಿಕ ಉದ್ದೇಶವೆಂದು ರೈತರ ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳಲು ದಲ್ಲಾಳಿಗಳು ನಡುವೆ ನಿಂತರು. ಅಂತಹ ಒಂದು ಪ್ರಕರಣದಲ್ಲಿ ೧೯೯೫ರಲ್ಲಿ ಸುಪ್ರೀಂ ಕೋರ್ಟು, ಭೂಸ್ವಾಧೀನವನ್ನು ರದ್ದುಪಡಿಸಿದ್ದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ೧೯೦೯ರಲ್ಲಿ ಪರಸ್ಪರ ನಂಬಿಕೆಯ ಮೇಲೆ ಮೊಳೆತ ಸಹಕಾರತತ್ತ್ವ ಎಂಬತ್ತು ವರ್ಷಗಳಲ್ಲಿ ವ್ಯಾಪಾರದ ಮುಖವಾಡವಾದುದು ನೋವಿನ ಸಂಗತಿ. ಒಬ್ಬನಿಗೆ ಸೂರು ಕೊಡಲು ಇನ್ನೊಬ್ಬನ ಹೊಲವನ್ನು ಅಗ್ಗಕ್ಕೆ ಕಸಿಯುವುದು ಪರಿಹಾರವಾಗಲಾರದು.

ಈ ಎಲ್ಲ ಪ್ರಯತ್ನಗಳ ನಂತರವೂ ಉಳಿದ ಕೊರತೆ ಎಷ್ಟು? ೨೦೧೨ರಲ್ಲಿ ಕೇಂದ್ರ ಸರಕಾರದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ ೧ ಕೋಟಿ ೮೭ ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬಡವರ ಮತ್ತು ಅಲ್ಪ ಆದಾಯದವರ ಪಾಲಿನ ಕೊರತೆಯೇ. ಆದರೆ ೨೦೧೧ರ ಜನಗಣತಿ ನಗರಗಳಲ್ಲಿ ೧ ಕೋಟಿ ೧೦ ಲಕ್ಷಕ್ಕೂ ಮಿಕ್ಕಿ ಮನೆಗಳು ಖಾಲಿ ಬಿದ್ದಿರುವುದನ್ನು ಎಣಿಸಿತ್ತು! ಮನೆಯಿದ್ದಲ್ಲಿ ಮನುಷ್ಯರಿಲ್ಲ, ಮನುಷ್ಯರಿದ್ದಲ್ಲಿ ಮನೆಯಿಲ್ಲ. ಖಾಲಿ ಮನೆಗಳಲ್ಲಿ ಕೆಲವು ಹಣ ಹೂಡಲೆಂದು ಕೊಂಡವು. ಕೆಲವು ಕೆಲಸದ ಸ್ಥಳದಿಂದ ಬಹು ದೂರದಲ್ಲಿ ಕಟ್ಟಿದವು. ಅಗ್ಗದ ನೆಲ ಹುಡುಕುತ್ತ ಊರಾಚೆ ಕಟ್ಟಿದ ಮನೆಗೆ ಹೋದ ಕೂಲಿಕಾರ ಬಾಡಿಗೆಯಲ್ಲಿ ಉಳಿಸಿದುದನ್ನು ಬಸ್ಸಿಗೆ ಕಳೆಯುತ್ತಾನೆ.

ಹಾಗಾದರೆ ಆಶೆಗೆ ಎಡೆಯಿಲ್ಲವೇ? ಖಂಡಿತ ಇದೆ. ಸಿಂಗಪುರದ ಉದಾಹರಣೆಯನ್ನು ನೋಡಿ. ಅಲ್ಲಿ ೧೯೬೦ರಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು, ೧೯೬೬ರಲ್ಲಿ ಭೂಸ್ವಾಧೀನ ಕಾಯಿದೆ ಬಂದಿತು, ೧೯೬೮ರಲ್ಲಿ ನೌಕರರ ಭವಿಷ್ಯನಿಧಿಯಿಂದ ಮನೆಯ ಕಂತು ತುಂಬಲು ಅನುಮತಿ ದೊರೆಯಿತು. ನೆಲ, ಕಟ್ಟಡ, ಕಂತು ಮೂರನ್ನೂ ಒಟ್ಟಿಗೆ ಹಿಡಿದುದರಿಂದಲೇ ಅಲ್ಲಿನ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜನ ಮಂಡಳಿಯ ಮನೆಗಳಲ್ಲಿದ್ದಾರೆ. ಅಲ್ಲಿ ಭೂಮಾಲೀಕರಿಗೆ ಸಂದ ಪರಿಹಾರ ಅಲ್ಪವಾಗಿತ್ತೆಂಬುದನ್ನೂ ನೆನೆಯಬೇಕು; ಆ ಅಂಶ ನಮಗೆ ಮಾದರಿಯಲ್ಲ. ಕಟ್ಟಡದ ವೆಚ್ಚದ ವಿಷಯದಲ್ಲಿ ನಮ್ಮಲ್ಲಿಯೇ ಜ್ಞಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಪ್ರಾರಂಭವಾದ ‘ಆಸ್ತ್ರ’ ಕೇಂದ್ರ, ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅಜ್ಜಂದಿರ ಮಣ್ಣಿನ ಗೋಡೆಯ ವಿವೇಕಕ್ಕೆ ವಿಜ್ಞಾನದ ಬಲ ಕೂಡಿದ ಬಗೆ ಇದು.

ಇತಿಹಾಸದ ಸಾರ ಇಷ್ಟು: ೧೮೯೮ರ ಪ್ರಯತ್ನ ನೆಲ ಕೊಟ್ಟಿತು, ಹಣ ಕೊಡಲಿಲ್ಲ. ೧೯೫೪ರದು ಸಾಲ ಕೊಟ್ಟಿತು, ಸಾಲ ಪಡೆಯುವ ಯೋಗ್ಯತೆ ಕೊಡಲಿಲ್ಲ. ಮುಂದಿನವು ಸಹಾಯಧನ ಕೊಟ್ಟವು, ಸಕಾಲಕ್ಕೆ ಮುಟ್ಟಿಸಲಿಲ್ಲ. ನಿವೇಶನ, ಬಂಡವಾಳ, ಕಂತು ಈ ಮೂರೂ ಮನೆಯ ಮೂರು ಕಂಬಗಳು. ಒಂದು ಕುಸಿದರೂ ಮಾಡು ನಿಲ್ಲದು.

ವಾಚಕ ಮಹಾಶಯರೇ, ನಿಮ್ಮಲ್ಲಿ ಅನೇಕರು ಮಠದ ವಿದ್ಯಾರ್ಥಿನಿಲಯದಲ್ಲಿ ಉಂಡು ಮಲಗಿ ಓದಿ ಮುಂದೆ ಬಂದವರು. ತಲೆಯ ಮೇಲೆ ಸೂರಿದ್ದರೆ ಮಾತ್ರ ವಿದ್ಯೆ ನೆಲೆಗೊಳ್ಳುವುದೆಂಬುದಕ್ಕೆ ನೀವೇ ಪ್ರಮಾಣ. ಇಂದು ನಿಮ್ಮಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದೀರಿ, ಒಬ್ಬರು ತಾಲೂಕು ಕಚೇರಿಯಲ್ಲಿ, ಒಬ್ಬರು ಗ್ರಾಮ ಪಂಚಾಯಿತಿಯಲ್ಲಿ, ಇನ್ನೊಬ್ಬರು ಸಹಕಾರ ಸಂಘದ ಆಡಳಿತದಲ್ಲಿ. ಹಕ್ಕುಪತ್ರವಿಲ್ಲದ ನೆರೆಯವನಿಗೆ ಅರ್ಜಿ ಬರೆದುಕೊಡುವುದು, ಮೇಜಿನ ಮೇಲಿರುವ ಕಂತಿನ ಕಡತವನ್ನು ಮಳೆಗಾಲಕ್ಕೆ ಮುಂಚೆ ಮುಂದೆ ಕಳಿಸುವುದು, ಸಂಘದ ಸದಸ್ಯರ ಪಟ್ಟಿಯಲ್ಲಿ ನಿಜವಾದ ನಿರ್ವಸಿತನ ಹೆಸರಿದೆಯೇ ಎಂದು ನೋಡುವುದು, ಇವು ದೊಡ್ಡ ಕಾರ್ಯಗಳೆನಿಸದಿರಬಹುದು. ಆದರೆ ಶತಮಾನದ ಯೋಜನೆಗಳು ಎಡವಿದುದು ಇಂತಹ ಸಣ್ಣ ಹೊಸ್ತಿಲುಗಳಲ್ಲಿಯೇ. ಆ ಹೊಸ್ತಿಲನ್ನು ದಾಟಿಸುವ ಕೈ ನಿಮ್ಮದಾಗಲಿ.